ಇರುವೆ ಎಂದು ಬರೆದ ಚೀಟಿ

ನುಸಿ ಅಂದ ತಕ್ಷಣ ಜನ ಒಂದು ಹೆಜ್ಜೆ ಹಿಂದೆ ಸರೀತಾರೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಪಕ್ಕದ ಎಲೆಯವರು "ಏನ್ ಕೆಲಸ ಮಾಡ್ಕೊಂಡಿದೀರ?" ಅಂತ ಕೇಳ್ತಾರೆ. "ಇರುವೆ ಗೂಡಲ್ಲಿರೋ ನುಸಿ ಹುಡುಕ್ತೀನಿ" ಅಂದರೆ ಮೆಲ್ಲಗೆ ತಮ್ಮ ಎಲೆಯನ್ನ ಆ ಕಡೆ ಎಳ್ಕೊಳ್ತಾರೆ. ನಾನು ತಲೆ ಕೊಡವಿದರೆ ಅವೇನು ಉದುರುತ್ತವಾ? ಮೊದಮೊದಲು ಸಿಟ್ಟು ಬರ್ತಿತ್ತು. ಈಗ ಬೇಕಂತಲೇ ಇನ್ನೆರಡು ಮಾತು ಜಾಸ್ತಿ ಹೇಳ್ತೀನಿ, ಅದೂ ಸರಿಯಾಗಿ ಪಾಯಸ ಬರೋ ಹೊತ್ತಿಗೆ.

ಕೆಲಸ ಅಂದರೆ ಇಷ್ಟು. ನಮ್ಮ ಮೇಡಂ ಇರುವೆಗಳ ಮೇಲೆ ಸಂಶೋಧನೆ ಮಾಡೋರು, ನಾನು ಅವರ ಲ್ಯಾಬಿನಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್. ವರ್ಷಕ್ಕೊಂದು ಸಲ ಆರ್ಡರ್ ಕಾಗದ ಬದಲಾಗುತ್ತೆ, ಕೂರೋ ಸ್ಟೂಲ್ ಅದೇ. ಸುಬ್ರಹ್ಮಣ್ಯಪುರದ ಕಡೆ ಯಾರೋ ಖಾಲಿ ಸೈಟಿಗೆ ಪಾಯ ತೋಡಿಸ್ತಾರೆ ಅಂತ ಗೊತ್ತಾದರೆ ಜೆಸಿಬಿ ಬರೋಕೆ ಮುಂಚೆ ನಾವು ಹೋಗಿ ಗೂಡು ಅಗೆದು ತರಬೇಕು. ಮಂಡಿಯೂರಿ ಸಣ್ಣ ಕರಣೆಯಲ್ಲಿ ಮಣ್ಣು ಕೆದಕ್ತಾ ಇದ್ದರೆ ದಾರೀಲಿ ಹೋಗೋರು ನಿಂತು "ಏನ್ ಮೇಡಂ, ನಿಧಿ ಸಿಕ್ತಾ?" ಅಂತಾರೆ. "ಸಿಕ್ತು ಸಾರ್, ಪಾಲು ಬೇಕಾ?" ಅಂತ ಮುಷ್ಟಿ ಇರುವೆ ತೋರಿಸ್ತೀನಿ. ಆಮೇಲೆ ಯಾರೂ ನಿಲ್ಲಲ್ಲ.

ಆ ಗೂಡನ್ನ ಲ್ಯಾಬಿಗೆ ತಂದು ಒಂದೊಂದೇ ಇರುವೆಯನ್ನ ಮೈಕ್ರೋಸ್ಕೋಪ್ ಕೆಳಗೆ ನೋಡೋದು. ಬರಿಗಣ್ಣಿಗೆ ನುಸಿ ಒಂದು ಕಂದು ಚುಕ್ಕೆ, ಸಾಸಿವೆ ಕಾಳಿನ ಪಕ್ಕ ಇಟ್ಟರೂ ಕಾಣಲ್ಲ. ಅದು ಹುಳ ಕೂಡ ಅಲ್ಲ, ಜೇಡನ ಬಳಗ, ಎಂಟು ಕಾಲು. ಇರುವೆ ಗೂಡಿನಲ್ಲಿ ಇವುಗಳ ಒಂದು ದೊಡ್ಡ ಸಂಸಾರವೇ ಇರುತ್ತೆ. ಕೆಲವು ಮೂಲೆಯ ಕಸ ತಿಂದ್ಕೊಂಡು ತಮ್ಮ ಪಾಡಿಗೆ ಇರ್ತವೆ. ಕೆಲವು ಮೊಟ್ಟೆಗಳ ನಡುವೆ ಓಡಾಡ್ತವೆ. ದೂರದ ಯಾವುದೋ ಕಾಡಿನಲ್ಲಿ ಒಂದು ಜಾತಿಯ ನುಸಿ ಇರುವೆಯ ಹಿಂಗಾಲಿನ ತುದಿಯನ್ನ ಕಚ್ಚಿ ಹಿಡಿದು ತಾನೇ ಅದರ ಪಾದ ಆಗಿಬಿಡುತ್ತಂತೆ, ಇರುವೆ ಆ ನುಸಿಯ ಕಾಲಿನಿಂದಲೇ ಜೊತೆಯವರನ್ನ ಹಿಡ್ಕೊಳ್ಳುತ್ತಂತೆ. ಮೇಡಂ ಇದನ್ನ ಹೇಳುವಾಗ ಅವರ ಕಣ್ಣು ಹೊಳೀತಿತ್ತು.

ನನ್ನ ಕಣ್ಣು ನೆಟ್ಟಿದ್ದು ಬೇರೊಂದು ನುಸಿಯ ಮೇಲೆ. ಅದು ಇರುವೆಯ ಗದ್ದದ ಕೆಳಗೆ ಅಂಟಿಕೊಂಡು ಕೂತಿರುತ್ತೆ. ಎರಡು ಇರುವೆ ಎದುರಾದಾಗ ಬಾಯಿಗೆ ಬಾಯಿ ಇಟ್ಟು ಹೊಟ್ಟೆಯಲ್ಲಿರೋ ರಸ ಹಂಚ್ಕೊಳ್ತವೆ ನೋಡಿ, ಆಗ ಇದು ಮಧ್ಯ ಮುಖ ಹಾಕಿ ತನ್ನ ಪಾಲು ತಗೊಳ್ಳುತ್ತೆ. ಎದುರು ಯಾರೂ ಇಲ್ಲ, ಹಸಿವಾಗಿದೆ ಅಂದರೆ ಮುಂಗಾಲು ಚಾಚಿ ಇರುವೆಯ ಬಾಯಿಯನ್ನ ಸವರುತ್ತೆ. ಹಸಿದ ಇನ್ನೊಂದು ಇರುವೆ ಕೇಳೋದು ಥೇಟ್ ಹೀಗೇ. ಇರುವೆ ಪಾಪ, ತನ್ನವರೇ ಯಾರೋ ಅಂದುಕೊಂಡು ಒಂದು ಹನಿ ಕೊಡುತ್ತೆ. ಮೊದಲ ಸಲ ಇದನ್ನ ನೋಡಿದ ದಿನ ನಾನು ಮಧ್ಯಾಹ್ನದ ಡಬ್ಬಿ ಬಿಚ್ಚಲಿಲ್ಲ. ಡಬ್ಬಿಯಲ್ಲಿ ಅಕ್ಕ ಕಟ್ಟಿಕೊಟ್ಟ ಚಪಾತಿ ಇತ್ತು, ಕೈ ಒರೆಸಿಕೊಳ್ಳೋಕೆ ಅಂತ ಮಡಿಸಿಟ್ಟ ಪುಟ್ಟ ಬಟ್ಟೆಯೂ ಇತ್ತು.

ಅಕ್ಕ ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ರಿಟೈರ್ ಆದವಳು. ಭಾವ ಮಾತು ಕಮ್ಮಿ; ಪೇಪರಿನ ಹಿಂದೆ ಒಂದು ಕೆಮ್ಮು ಕೇಳಿದರೆ ಇದ್ದಾರೆ ಅಂತ ಅರ್ಥ. ಅವರಿಗೆ ಮಕ್ಕಳಿಲ್ಲ. ಕುಮಾರಸ್ವಾಮಿ ಲೇಔಟಿನಲ್ಲಿ ಅವರದೊಂದು ಸಣ್ಣ ಮನೆ. ನನ್ನ ಮದುವೆ ಮುರಿದಾಗ ಅಲ್ಲಿಗೆ ಮೂರು ತಿಂಗಳಿಗೆ ಅಂತ ಬಂದೆ. ಒಂದು ಸೂಟ್‌ಕೇಸ್, ಒಂದು ಮಿಕ್ಸಿ. ಮಿಕ್ಸಿ ಯಾಕೆ ಎತ್ಕೊಂಡು ಬಂದೆನೋ ದೇವರಿಗೇ ಗೊತ್ತು. ಅಕ್ಕ ಅದನ್ನ ಡಬ್ಬದ ಸಮೇತ ಅಟ್ಟಕ್ಕೆ ಹಾಕಿಸಿದಳು. ಬೇರೆ ಮನೆ ಮಾಡಿದಾಗ ಇಳಿಸೋಣ ಅಂದಳು. ಹನ್ನೊಂದು ವರ್ಷ ಆಯ್ತು, ಮಿಕ್ಸಿ ಅಟ್ಟದಲ್ಲೇ ಇತ್ತು.

ಕಷ್ಟ ಏನು ಅಂತ ಕೇಳಿದರೆ ಹೇಳೋಕೆ ಬರಲ್ಲ, ಅದೇ ನನ್ನ ಕಷ್ಟ. ಯಾರೂ ಒಂದು ಮಾತು ಅಂದಿದ್ದಿಲ್ಲ. ಗೇಟಿನ ಸದ್ದಾದರೆ ಸಾಕು ಅಕ್ಕ ಸ್ಟವ್ ಹಚ್ತಾಳೆ. ನಾನು ಕಾಲು ತೊಳೆದು ಬರೋ ಹೊತ್ತಿಗೆ ತಟ್ಟೆ ಹಾಕಿರುತ್ತೆ. ಪಾತ್ರೆ ತೊಳೆಯೋಕೆ ಹೋದರೆ "ಬಿಡು ಮರಿ, ಸುಸ್ತಾಗಿ ಬಂದಿದೀಯ" ಅಂತ ಕೈಯಿಂದ ಕಿತ್ಕೊಳ್ತಾಳೆ. ನಲವತ್ತೇಳು ವರ್ಷದ, ಅರ್ಧ ತಲೆ ನೆರೆತ ಮರಿ ನಾನು! ನನ್ನ ರೂಮಿನ ಚಿಲಕ ಕೆಟ್ಟು ಆರು ವರ್ಷ. ರಿಪೇರಿ ಮಾಡಿಸೋಣ ಅಂದರೆ "ನಮ್ಮನೇಲಿ ಯಾರಿದಾರೆ ಅಂತ ಚಿಲಕ?" ಅಂದಳು. ನಿಜ, ಯಾರೂ ಇಲ್ಲ. ಆದರೂ ಬಟ್ಟೆ ಬದಲಾಯಿಸುವಾಗ ಬಾಗಿಲಿಗೆ ಕುರ್ಚಿ ಒತ್ತಿಡೋದು ನನಗೆ ಅಭ್ಯಾಸವಾಗಿಬಿಟ್ಟಿತ್ತು.

ಇನ್ನು ಆ ಚೀಟಿಗಳ ವಿಷಯ ಹೇಳಬೇಕು. ನಮ್ಮನೆ ಫ್ರಿಜ್ ಬಾಗಿಲಿನ ಮೇಲೆ ಯಾವಾಗಲೂ ಚೀಟಿ ಇರುತ್ತೆ. ಅಕ್ಕನಿಗೆ ಫೋನಿನಲ್ಲಿ ಮೆಸೇಜ್ ಹಾಕೋದು ಸೇರಲ್ಲ. ಮಾತಾಡುವಾಗ ನಮ್ಮ ಹಾಗೇ "ಬರ್ತೀನಿ, ಮಾಡ್ತೀನಿ" ಅನ್ನೋಳು, ಪೆನ್ ಹಿಡಿದರೆ ಮಾತ್ರ ಕ್ಲಾಸ್‌ರೂಮಿಗೆ ಹೋಗಿಬಿಡ್ತಾಳೆ. "ಸಂಜೆ ಆರಕ್ಕೆ ಬರುವೆ." "ಹಾಲು ನಾನೇ ತರುವೆ." "ಸಾರು ಒಲೆಯ ಮೇಲಿದೆ, ಬಿಸಿ ಮಾಡಿಕೊಳ್ಳುವುದು." ನಾನೂ ಹಾಗೇ ಬರೆಯಬೇಕು. ಒಂದು ಸಲ "ಲೇಟಾಗಿ ಬರ್ತೀನಿ" ಅಂತ ಬರೆದಿದ್ದಕ್ಕೆ ಕೆಂಪು ಇಂಕಿನಲ್ಲಿ ತಿದ್ದಿ ಅಲ್ಲೇ ಅಂಟಿಸಿದ್ದಳು. ಭಾವ ಅದನ್ನ ಓದಿ, ಹನ್ನೊಂದು ವರ್ಷದಲ್ಲಿ ಎರಡನೇ ಸಲ ಇರಬೇಕು, ಜೋರಾಗಿ ನಕ್ಕರು.

ಇನ್ನೊಂದು ನಿಯಮ ನಮ್ಮಮ್ಮನ ಕಾಲದ್ದು. ಹೊಸಿಲು ದಾಟುವಾಗ "ಹೋಗ್ತೀನಿ" ಅನ್ನಬಾರದು. ಅಪಶಕುನ. ಅಂಗಡಿಗೆ ಹೋಗಲಿ, ಆಫೀಸಿಗೆ ಹೋಗಲಿ, "ಬರ್ತೀನಿ" ಅಂತಲೇ ಹೇಳಬೇಕು. ಎಲ್ಲರ ಮನೆಯಲ್ಲೂ ಇರೋದೇ, ಆದರೆ ಅಕ್ಕ ಇದರಲ್ಲಿ ಭಾರೀ ಕಟ್ಟುನಿಟ್ಟು. ಗ್ಯಾಸ್ ಸಿಲಿಂಡರ್ ತರೋನು "ಹೋಗ್ತೀನಮ್ಮಾ" ಅಂದರೂ "ಬರ್ತೀನಿ ಅನ್ನಪ್ಪ" ಅಂತ ತಿದ್ದಿ ಕಳಿಸ್ತಾಳೆ. ಬಿಟ್ಟು ಹೋಗೋದಕ್ಕೆ ಒಂದು ಪದವೇ ಇಲ್ಲದ ಮನೆಯಿಂದ ಹೊರಡೋದು ಹೇಗೆ ಅಂತ ನಾನು ಎಷ್ಟು ಸಲ ಯೋಚನೆ ಮಾಡಿದೀನೋ.

ಯಾಕಂದರೆ ನಾನು ಹೊರಡಬೇಕು ಅಂತಿದ್ದೆ. ಕೋಣನಕುಂಟೆಯಲ್ಲಿ ಒಂದು ರೂಮ್ ನೋಡಿದ್ದೆ. ಲ್ಯಾಬಿನಲ್ಲಿ ಮುಂಚೆ ಕೆಲಸ ಮಾಡ್ತಿದ್ದವರೊಬ್ಬರ ತಾಯಿಯ ಮನೆ, ಮೇಲಿನ ಮಹಡಿ. ಒಂದು ರೂಮು, ಒಂದು ಅಡುಗೆ ಕಟ್ಟೆ, ಬಟ್ಟೆ ಒಣಗಿಸೋಕೆ ಟೆರೇಸು. ಬಾಗಿಲಿಗೆ ಒಳಗಿನಿಂದ ಎರಡು ಚಿಲಕ, ಮೇಲೊಂದು ಕೆಳಗೊಂದು. ನಾನು ಎರಡನ್ನೂ ಹಾಕಿ ತೆಗೆದು, ಹಾಕಿ ತೆಗೆದು ನೋಡಿದೆ. ಓನರ್ ಆಂಟಿ "ಗಟ್ಟಿಯಾಗೇ ಇದೆ ಕಣಮ್ಮ, ಭಯ ಬೇಡ" ಅಂದರು. ಭಯ ಯಾರಿಗೆ? ನನಗೆ ಖುಷಿಗೆ ಮೈ ಬೆವೆತಿತ್ತು. ಬೀಗದ ಕೈ ನನ್ನ ಕೈಗೇ ಕೊಟ್ಟರು. "ಬಂದು ಹೋಗಿ ಮಾಡಿ ನೋಡು, ನೀರು ಗಾಳಿ ಎಲ್ಲ ಸರಿ ಇದೆಯಾ ಅಂತ. ಆದರೆ ಶನಿವಾರ ಖಚಿತ ಹೇಳಿಬಿಡು. ಬಿಟಿಎಂ ಲೇಔಟಿನಲ್ಲಿ ಕೆಲಸ ಮಾಡೋ ಇಬ್ಬರು ಹೆಣ್ಣುಮಕ್ಕಳು, ಬಿಜಾಪುರದ ಕಡೆಯವರು, ಕೇಳ್ಕೊಂಡು ಹೋಗಿದಾರೆ" ಅಂದರು. ಅವತ್ತು ಭಾನುವಾರ. ಆರು ದಿನದೊಳಗೆ ಅಕ್ಕನಿಗೆ ಒಂದು ಮಾತು ಹೇಳಬೇಕಿತ್ತು, ಅಷ್ಟೇ.

ಸೋಮವಾರ ಬೆಳಿಗ್ಗೆ ಹೇಳೋಣ ಅಂತ ಅಡುಗೆಮನೆಗೆ ಹೋದೆ. ಅಕ್ಕ ನನ್ನ ಲೋಟಕ್ಕೆ ಕಾಫಿ ಬಗ್ಗಿಸ್ತಾ ಇದ್ದಳು. ಕೇಳದೆಯೇ ಒಂದು ಚಮಚ ಡಿಕಾಕ್ಷನ್ ಜಾಸ್ತಿ ಹಾಕಿದಳು, ನನಗೆ ಸ್ಟ್ರಾಂಗ್ ಬೇಕು ಅಂತ. ನಾನು ಬಾಯಿ ತೆರೆದೆ, ಕಾಫಿ ಕುಡಿದೆ, ಬಾಯಿ ಮುಚ್ಚಿದೆ. ಗದ್ದದ ಕೆಳಗೆ ಕೂತ ಆ ನುಸಿ ನೆನಪಾಗಿ ನನ್ನ ಮೇಲೆ ನನಗೇ ಅಸಹ್ಯ ಆಯ್ತು. ಥೂ, ಇದೂ ಒಂದು ಬದುಕಾ ಅನ್ನಿಸ್ತು.

ಅದೇ ದಿನ ಲ್ಯಾಬಿನಲ್ಲಿ ಮೇಡಂ ಒಂದು ಹೊಸ ಕೆಲಸ ಕೊಟ್ಟರು. ಇರುವೆಯಿಂದ ನುಸಿಯನ್ನ ಬಿಡಿಸಿ ಬೇರೆ ಇಟ್ಟರೆ ಎಷ್ಟು ದಿನ ಬದುಕುತ್ತೆ ಅಂತ ನೋಡಬೇಕಿತ್ತು. ಬಿಡಿಸೋದು ಸುಲಭ ಅಲ್ಲ. ನಾಲ್ಕೇ ಎಳೆ ಇರೋ ಕುಂಚವನ್ನ ಒದ್ದೆ ಮಾಡಿ, ಉಸಿರು ಬಿಗಿ ಹಿಡಿದು, ಪಕ್ಕದಿಂದ ಮೆತ್ತಗೆ ಎಬ್ಬಿಸಬೇಕು. ಒಂದನ್ನ ಎಬ್ಬಿಸಿ ಗಾಜಿನ ತಟ್ಟೆಯಲ್ಲಿ ಒಂಟಿಯಾಗಿ ಬಿಟ್ಟೆ. ಮೂಲೆಯಲ್ಲಿ ಒದ್ದೆ ಹತ್ತಿ, ಪಕ್ಕದಲ್ಲೇ ಸಕ್ಕರೆ ನೀರಿನ ಹನಿ. ಅದು ಹನಿಯ ಹತ್ತಿರ ಹೋಯ್ತು, ಸುತ್ತ ಒಂದು ಸುತ್ತು ಹಾಕ್ತು. ಆಮೇಲೆ ತಟ್ಟೆಯ ನಡುವೆ ನಿಂತು ಮುಂಗಾಲು ಎತ್ತಿ ಗಾಳಿಯನ್ನ ಸವರೋಕೆ ಶುರು ಮಾಡ್ತು. ಅಲ್ಲಿ ಯಾವ ಬಾಯಿಯೂ ಇರಲಿಲ್ಲ. "ಕುಡಿಯೇ, ಪಕ್ಕದಲ್ಲೇ ಇದೆ!" ಅಂತ ನಾನು ಗಟ್ಟಿಯಾಗೇ ಬೈದೆ. ಮೇಡಂ ಆ ಕಡೆ ಟೇಬಲ್ಲಿನಿಂದ ತಲೆ ಎತ್ತಿ ನೋಡಿದರು.

ಬುಧವಾರ ಬೆಳಿಗ್ಗೆ ಹೋಗಿ ನೋಡಿದರೆ ಕಾಲು ಮಡಚಿ ಸತ್ತಿತ್ತು. ಸಕ್ಕರೆ ನೀರಿನ ಹನಿ ಒಣಗಿ ಬಿಳಿ ಕಲೆ ಆಗಿತ್ತು. ಅದನ್ನ ಹೊತ್ತಿದ್ದ ಇರುವೆ ಏನಾಯ್ತು ಅಂತ ಹುಡುಕಿದೆ. ಅದು ಮೀಸೆ ಒರೆಸಿಕೊಂಡು ತನ್ನ ಪಾಡಿಗೆ ಓಡಾಡ್ಕೊಂಡಿತ್ತು. ಪುಸ್ತಕದಲ್ಲಿ "ಮೂರನೇ ದಿನ, ಸತ್ತಿದೆ" ಅಂತ ಬರೆದೆ. ಒಂದು ನುಸಿಗೆ ಯಾರಾದರೂ ಅಳ್ತಾರಾ? ನಾನು ಬಾತ್‌ರೂಮಿಗೆ ಹೋಗಿ ಅತ್ತೆ.

ಆ ಸಂಕಟ, ಸಿಟ್ಟನ್ನೆಲ್ಲ ಹೊತ್ಕೊಂಡು ಸಂಜೆ ಮನೆಗೆ ಬಂದರೆ ಅಕ್ಕ ಹಾಲ್‌ನಲ್ಲಿ ಕೂತಿದ್ದಳು. ಸ್ಟವ್ ಹಚ್ಚಿರಲಿಲ್ಲ. ಟೀಪಾಯಿ ಮೇಲೆ ಕೋಣನಕುಂಟೆಯ ಬೀಗದ ಕೈ ಇತ್ತು. ಬಟ್ಟೆ ವಾಷಿಂಗ್ ಮೆಷಿನ್ನಿಗೆ ಹಾಕುವಾಗ ನನ್ನ ಕುರ್ತಾ ಜೇಬಿನಲ್ಲಿ ಸಿಕ್ಕಿದೆ. ಜೊತೆಗೆ ಓನರ್ ಆಂಟಿ ಬರೆದುಕೊಟ್ಟ ವಿಳಾಸದ ತುಂಡು ಕಾಗದವೂ.

"ಯಾವ ಮನೇದು ಇದು?" ಅಂದಳು.

"ಒಂದು ರೂಮು. ನನಗೆ."

"ಇಲ್ಲಿ ಏನು ಕಮ್ಮಿ ಆಗಿತ್ತು?"

"ಏನೂ ಕಮ್ಮಿ ಆಗಿಲ್ಲ ಅಕ್ಕ. ಅದಕ್ಕೇ."

"ಅದಕ್ಕೇ ಅಂದರೆ?"

ಅಲ್ಲಿಗೆ ನನ್ನ ಬಾಯಿ ಹಿಡಿತ ತಪ್ತು. ಚಿಲಕದ ವಿಷಯ, ಪಾತ್ರೆ ಕಿತ್ಕೊಳ್ಳೋ ವಿಷಯ, ಮರಿ ಅನ್ನೋದು, ಗೇಟಿನ ಸದ್ದಿಗೆ ಸ್ಟವ್ ಹಚ್ಚೋದು, ಎಲ್ಲ ಒಟ್ಟಿಗೇ ಬಂತು. "ನನಗೆ ಉಸಿರು ಕಟ್ಟುತ್ತೆ ಕಣೇ ಇಲ್ಲಿ!" ಅಂತ ಕೂಗಿದೆ. ಹೇಳಿದ ಮೇಲೆ ಗೊತ್ತಾಯ್ತು, ನಾನು ಅವಳು ಮಾಡಿದ ಒಳ್ಳೇದನ್ನೆಲ್ಲ ತಪ್ಪುಗಳ ಥರ ಎತ್ತಿ ಆಡಿದ್ದೆ. ಪೇಪರಿನ ಹಿಂದೆ ಕೆಮ್ಮು ಕೂಡ ಕೇಳಲಿಲ್ಲ. ಅಕ್ಕ ಬೀಗದ ಕೈಯನ್ನ ನನ್ನ ಕಡೆ ಸರಿಸಿ ಎದ್ದು ಹೋದಳು. ಅವತ್ತು ನಾನೇ ಅನ್ನ ಹಾಕ್ಕೊಂಡು ತಿಂದೆ. ಇಷ್ಟು ವರ್ಷ ಇದೇ ಬೇಕು ಅಂತಿದ್ದೆನಲ್ಲ, ಅರ್ಧ ತಟ್ಟೆಯಲ್ಲೇ ಬಿಟ್ಟೆ.

ಮಾತು ನಿಂತು ಹೋಯ್ತು. ಗುರುವಾರ ಬೆಳಿಗ್ಗೆ ಎದ್ದು ನೋಡಿದರೆ ಫ್ರಿಜ್ ಮೇಲೆ ಚೀಟಿ. ಅಕ್ಕನ ದುಂಡು ಅಕ್ಷರ, ಒಂದೇ ಸಾಲು. "ಹೋಗುವೆಯೋ? ಇರುವೆಯೋ? ಬರೆದು ತಿಳಿಸುವುದು." ಹನ್ನೊಂದು ವರ್ಷದಲ್ಲಿ ಆ ಮನೆಯಲ್ಲಿ 'ಹೋಗು' ಅನ್ನೋ ಪದವನ್ನ ಅಕ್ಕ ಬರೆದಿದ್ದು ಅದೇ ಮೊದಲು. ಚೀಟಿಯ ಕೆಳಗೆ ಉತ್ತರಕ್ಕೆ ಅಂತ ಜಾಗ ಬಿಟ್ಟಿದ್ದಳು, ಪ್ರಶ್ನೆಪತ್ರಿಕೆಯಲ್ಲಿ ಬಿಡೋ ಹಾಗೆ. ನಾನು ಪೆನ್ ತಗೊಂಡು ನಿಂತೆ. "ಹೋ" ಅಂತ ಬರೆಯೋಕೂ ಕೈ ಬರಲಿಲ್ಲ. ಸಂಜೆ ಬರೆದರಾಯ್ತು ಅಂತ ಲ್ಯಾಬಿಗೆ ಹೊರಟೆ. ಬಾಗಿಲಲ್ಲಿ ಯಾರಿಗೂ "ಬರ್ತೀನಿ" ಅನ್ನಲಿಲ್ಲ.

ಈ ಗಲಾಟೆಯಲ್ಲಿ ಒಂದು ವಿಷಯ ಹೇಳೋದೇ ಮರೆತೆ. ಗುರುವಾರದಿಂದ ಲ್ಯಾಬಿಗೆ ಪೇಂಟ್ ಹೊಡೆಯೋರಿದ್ದರು. ಆ ವಾಸನೆಗೆ ಇರುವೆ ಸಾಯ್ತವೆ ಅಂತ ಮೇಡಂ ಒಂದೊಂದು ಗೂಡನ್ನ ಒಬ್ಬೊಬ್ಬರ ಮನೆಗೆ ಕಳಿಸಿದ್ದರು. ಬುಧವಾರ ನಾನೂ ಒಂದನ್ನ ತಂದಿದ್ದೆ. ಅಂಗೈಯಗಲದ ಪ್ಲಾಸ್ಟಿಕ್ ಡಬ್ಬ, ಮೇಲೆ ಕೆಂಪು ಗ್ಲಾಸ್ ಪೇಪರ್. ಕೆಂಪು ಬಣ್ಣ ಇರುವೆಗೆ ಕಾಣಲ್ಲ, ಕತ್ತಲೆ ಅಂದುಕೊಂಡು ನೆಮ್ಮದಿಯಾಗಿರ್ತವೆ. ಅದನ್ನ ಚಪ್ಪಲಿ ಡಬ್ಬದೊಳಗಿಟ್ಟು, ಮುಚ್ಚಳ ಮುಚ್ಚಿ, ನನ್ನ ರೂಮಿನ ಕಿಟಕಿಯ ಕೆಳಗಿನ ಟೇಬಲ್ಲಿನ ಮೇಲೆ ಇಟ್ಟಿದ್ದೆ. ಯಾರಾದರೂ ಗೊತ್ತಿಲ್ಲದೆ ತೆಗೆದರೆ ಕಷ್ಟ ಅಂತ ಗುರುವಾರ ಹೊರಡೋ ಮುಂಚೆ ಒಂದು ಚೀಟಿ ಬರೆದು ಮುಚ್ಚಳಕ್ಕೆ ಅಂಟಿಸಿದೆ. ಲೇಬಲ್ ಬರೆದು ಬರೆದು ಅಭ್ಯಾಸ, ಜಾಸ್ತಿ ಬರೆಯಲ್ಲ. ಒಂದೇ ಪದ. "ಇರುವೆ."

ಸಂಜೆ ಗೇಟ್ ತೆಗೆದಾಗಲೇ ತುಪ್ಪದ ವಾಸನೆ ಬೀದಿವರೆಗೂ ಬಂದಿತ್ತು. ಒಳಗೆ ಹೋದರೆ ಅಕ್ಕ ಹೋಳಿಗೆ ಬೇಯಿಸ್ತಿದ್ದಾಳೆ. ಮಂಡಿನೋವಿನಿಂದ ಹತ್ತು ನಿಮಿಷ ನಿಲ್ಲೋಕಾಗದವಳು ಒಲೆ ಮುಂದೆ ನಿಂತು ತಟ್ಟಿ ತಟ್ಟಿ ಹಾಕ್ತಿದ್ದಾಳೆ. ಕಣ್ಣು ಊದಿಕೊಂಡಿದೆ. ನನ್ನನ್ನ ನೋಡಿದವಳೇ ಹಿಟ್ಟಿನ ಕೈಯಲ್ಲೇ ನನ್ನ ಗಲ್ಲ ಹಿಡಿದಳು.

"ಓದಿದೆ ಕಣೇ. ಬರೆದಿಟ್ಟು ಹೋಗಿದೀಯಲ್ಲ, ಇರುವೆ ಅಂತ. ಟೇಬಲ್ ಮೇಲೆ."

ನನಗೆ ಒಂದು ಕ್ಷಣ ಏನೂ ಹೊಳೀಲಿಲ್ಲ. ಹೊಳೆದ ಮೇಲೆ ನಗು ಬಂತು, ತುಟಿ ಕಚ್ಚಿ ತಡೆದೆ. ಅಯ್ಯೋ ರಾಮ! ಕನ್ನಡದಲ್ಲಿ ಇದಕ್ಕೆ ಇನ್ನೊಂದು ಪದ ಇರಬಾರದಿತ್ತಾ? ಜಿರಲೆ ಸಾಕಿದ್ದರೆ ಈ ಫಜೀತಿ ಇರ್ತಿರಲಿಲ್ಲ. ಅದು ನಿನಗೆ ಬರೆದ ಉತ್ತರ ಅಲ್ಲ ಕಣಕ್ಕ, ಡಬ್ಬದೊಳಗೆ ಹರಿದಾಡ್ತಿರೋ ಇರುವೆ ಅಂತ ಹೇಳಬೇಕಿತ್ತು. ಅಷ್ಟೇ ಹೇಳಬೇಕಿತ್ತು. ಅವಳ ಹಿಟ್ಟಿನ ಕೈ ನನ್ನ ಗಲ್ಲದ ಮೇಲೆ ಬೆಚ್ಚಗಿತ್ತು. ಭಾವ ಪೇಪರ್ ಇಳಿಸಿ ನನ್ನನ್ನೇ ನೋಡ್ತಿದ್ದರು. ಅಕ್ಕ ತಟ್ಟೆ ಹಾಕಿ, ಹೋಳಿಗೆ ಮೇಲೆ ತುಪ್ಪ ಬಿಟ್ಟಳು. ನಾನು ತಲೆ ತಗ್ಗಿಸಿ ತಿಂದೆ. ಮೂರು ತಿಂದೆ. ತಿಂದು ಕೈ ತೊಳ್ಕೊಂಡು ರೂಮಿಗೆ ಹೋಗಿ ಬಾಗಿಲಿಗೆ ಕುರ್ಚಿ ಒತ್ತಿ ಕೂತೆ. ಸಿಕ್ಕಿಬಿದ್ದೆ ಅನ್ನಿಸ್ತು. ಒಂದು ಪದಕ್ಕೆ ಸಿಕ್ಕಿಬಿದ್ದೆ, ಇನ್ನು ಈ ಜನ್ಮಕ್ಕೆ ಬಿಡುಗಡೆ ಇಲ್ಲ ಅನ್ನಿಸಿ ಅಕ್ಕನ ಮೇಲೆ, ಕನ್ನಡದ ಮೇಲೆ, ಇರುವೆಗಳ ಮೇಲೆ ಮೈಯೆಲ್ಲ ಉರಿದು ಹೋಯ್ತು.

ಶುಕ್ರವಾರ ಬೆಳಿಗ್ಗೆ ಗೂಡಿನ ಹತ್ತಿ ಒದ್ದೆ ಮಾಡೋಣ ಅಂತ ಚಪ್ಪಲಿ ಡಬ್ಬ ತೆಗೆದೆ. ಚೀಟಿಯ ಒಂದು ಮೂಲೆ ಹರಿದಿತ್ತು. ಟೇಪ್ ಎದ್ದು, ಮತ್ತೆ ಒತ್ತಿ ಕೂರಿಸಿದ ಗುರುತು ಇತ್ತು. ಒಳಗಿನ ಡಬ್ಬದಲ್ಲಿ ನಾನು ಜೇನು ಇಡೋ ಚೂರು ಫಾಯಿಲ್ ಮೇಲೆ ಸಾಸಿವೆಯಷ್ಟು ಹಳದಿ ಮುದ್ದೆ. ಇರುವೆಗಳು ಅದನ್ನ ಮುತ್ತಿಕೊಂಡಿದ್ದವು. ಬಗ್ಗಿ ಮೂಸಿದೆ. ಏಲಕ್ಕಿ ಬೆಲ್ಲದ ವಾಸನೆ. ಹೋಳಿಗೆ ಹೂರಣ.

ಗುರುವಾರ ಹೋಳಿಗೆ ತಿಂದು ಬಂದ ಮೇಲೆ ನಾನು ಆ ರೂಮು ಬಿಟ್ಟು ಅಲ್ಲಾಡಿರಲಿಲ್ಲ. ಅಂದರೆ ಅಕ್ಕ ಹೂರಣ ಇಟ್ಟಿದ್ದು ನಾನು ಮನೆಗೆ ಬರೋ ಮುಂಚೆ. ಅಂದರೆ ನನ್ನ ಗಲ್ಲ ಹಿಡಿದು "ಇರುವೆ ಅಂತ ಬರೆದಿದೀಯಲ್ಲ" ಅಂದಾಗ ಡಬ್ಬದಲ್ಲಿ ಏನಿದೆ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಎಲಾ ಇವಳಾ! ಬೇಕಂತಲೇ ನನ್ನನ್ನ ಕಟ್ಟಿಹಾಕಿದಳು ಅಂತ ಕೋಪ ನೆತ್ತಿಗೇರ್ತು. ಆದರೂ ಆ ದಿನ ಏನೂ ಕೇಳಲಿಲ್ಲ. ಲ್ಯಾಬಿಗೆ ಹೋದೆ, ಬಂದೆ, ಊಟ ಮಾಡಿದೆ. ಕೋಪವನ್ನ ಶನಿವಾರಕ್ಕೆ ಅಂತ ಎತ್ತಿಟ್ಕೊಂಡೆ.

ಶನಿವಾರ ತಿಂಡಿ ಆದ ಮೇಲೆ ಕೇಳಿದೆ. ಅಕ್ಕ ಹಾಲ್‌ನಲ್ಲಿ ಸೊಪ್ಪು ಬಿಡಿಸ್ತಾ ಕೂತಿದ್ದಳು.

"ಆ ಚೀಟಿ ನಿನಗೆ ಬರೆದಿದ್ದಲ್ಲ. ಅದು ಇರುವೆ. ಆರು ಕಾಲಿನ ಇರುವೆ."

"ಗೊತ್ತು" ಅಂದಳು. ಸೊಪ್ಪಿನಿಂದ ತಲೆ ಎತ್ತಲಿಲ್ಲ.

"ಗೊತ್ತಿದ್ದೂ ನಾಟಕ ಆಡಿದೆಯಾ?"

"ಮೊದಲು ಗೊತ್ತಿರಲಿಲ್ಲ. ರೂಮು ಗುಡಿಸೋಕೆ ಬಂದೆ, ಚೀಟಿ ನೋಡಿದೆ, ನಂಬಿದೆ. ಅಲ್ಲೇ ನಿಂತು ಅತ್ತೆ. ಬಂದು ಬೇಳೆ ಬೇಯೋಕಿಟ್ಟೆ. ಆಮೇಲೆ ಆ ಚೀಟಿ ಎತ್ತಿಟ್ಕೊಳ್ಳೋಣ ಅಂತ ಬಿಡಿಸೋಕೆ ಹೋದೆ. ಮುಚ್ಚಳ ಜೊತೆಗೇ ಬಂತು."

"ನೋಡಿದ ಮೇಲೂ ಹೋಳಿಗೆ ಮಾಡಿದೆಯಲ್ಲ!"

"ಬೇಳೆ ಬೆಂದುಬಿಟ್ಟಿತ್ತು."

ಅಕ್ಕ ಸೊಪ್ಪಿನ ಬುಟ್ಟಿ ಪಕ್ಕಕ್ಕಿಟ್ಟಳು. ಅವಳ ಧ್ವನಿಯಲ್ಲಿ ಸಿಟ್ಟು ಇರಲಿಲ್ಲ, ಅದೇ ನನಗೆ ಕಷ್ಟ ಆಯ್ತು.

"ನೀನು ಬಂದ ತಕ್ಷಣ ಅದು ಇರುವೆ ಕಣಕ್ಕ ಅಂತ ನಗ್ತೀಯ ಅನ್ಕೊಂಡಿದ್ದೆ. ಇಬ್ಬರೂ ನಗೋಣ, ಹೋಳಿಗೆ ಕಟ್ಟಿಕೊಟ್ಟು ಕಳಿಸೋಣ ಅಂತಿದ್ದೆ. ನೀನು ತಿಂದು ಎದ್ದು ಹೋದೆ. ಶುಕ್ರವಾರ ಪೂರ್ತಿ ಕಾದೆ. ಫ್ರಿಜ್ ಮೇಲೆ ನನ್ನ ಚೀಟಿ ಇನ್ನೂ ಇದೆ, ಜಾಗಾನೂ ಬಿಟ್ಟಿದೀನಿ. ಹೋಗುವೆ ಅಂತ ಮೂರಕ್ಷರ ಬರೆಯೋಕೆ ಪೆನ್ ಇರಲಿಲ್ವಾ ನಿನ್ನ ಹತ್ರ?"

ಇತ್ತು. ನನ್ನ ಬ್ಯಾಗಿನಲ್ಲಿ ನಾಲ್ಕು ಪೆನ್ ಇದ್ದವು. ನಾನು ಫ್ರಿಜ್ ಕಡೆ ನೋಡಿದೆ, ಬಾಗಿಲ ಕಡೆ ನೋಡಿದೆ. ಆಗ ಕಾಣಿಸ್ತು. ಹೊಸಿಲ ಪಕ್ಕ ನನ್ನ ಮಿಕ್ಸಿ ಡಬ್ಬ. ಧೂಳು ಒರೆಸಿ, ಪ್ಲಾಸ್ಟಿಕ್ ಹಗ್ಗದಲ್ಲಿ ಅಡ್ಡ ಉದ್ದ ಕಟ್ಟಿ, ಹಿಡ್ಕೊಳ್ಳೋಕೆ ಒಂದು ಕುಣಿಕೆಯನ್ನೂ ಮಾಡಿಟ್ಟಿದ್ದರು. ಭಾವ ಬೆಳಿಗ್ಗೆ ಏಣಿ ಹಾಕಿ ಇಳಿಸಿದರಂತೆ. "ಓಡಿಸಿ ನೋಡಿದೆ, ಕೆಲಸ ಮಾಡುತ್ತೆ" ಅಂತ ಪೇಪರಿನ ಹಿಂದಿನಿಂದ ಅಂದರು. ಇಷ್ಟು ದಿನದಲ್ಲಿ ಅವರು ಈ ವಿಷಯಕ್ಕೆ ಆಡಿದ ಮಾತು ಅದೊಂದೇ.

ಬೀಗದ ಕೈ ಹಿಡ್ಕೊಂಡು ಹೊರಗೆ ಬಂದೆ. ಮಿಕ್ಸಿ ತಗೊಳ್ಳಲಿಲ್ಲ. ರೂಮ್ ಒಂದು ಸಲ ನೋಡಿ ಬಂದು ಆಮೇಲೆ ಸಾಮಾನು ಸಾಗಿಸೋಣ ಅಂತ ನನಗೆ ನಾನೇ ಹೇಳ್ಕೊಂಡು ಸ್ಕೂಟರ್ ಹತ್ತಿದೆ. ಕೋಣನಕುಂಟೆಗೆ ಹೋಗಿ ಮಹಡಿ ಹತ್ತಿ ಬೀಗ ತೆಗೆದೆ. ಒಳಗಿನಿಂದ ಚಿಲಕ ಹಾಕಿದೆ, ಮೇಲಿನದು, ಕೆಳಗಿನದು. ನೆಲದ ಮೇಲೆ ಕೂತೆ. ಗಾಳಿ ಚೆನ್ನಾಗಿತ್ತು, ಬಿಸಿಲೂ ಬರ್ತಿತ್ತು. ಯಾರೂ ಕೂಗಲಿಲ್ಲ, ಯಾರೂ ಏನೂ ಕೇಳಲಿಲ್ಲ. ಎಷ್ಟು ಹೊತ್ತು ಕೂತಿದ್ದೆನೋ, ಹಸಿವಾಯ್ತು. ಕೆಳಗೆ ಹತ್ತು ಹೆಜ್ಜೆಗೆ ದರ್ಶಿನಿ ಇದೆ, ಇಡ್ಲಿ ವಾಸನೆ ಮೇಲಿನವರೆಗೂ ಬರ್ತಿತ್ತು. ನನಗೆ ಏಳೋಕಾಗಲಿಲ್ಲ. ಎರಡೂ ಕೈ ಮಡಿಲಲ್ಲಿಟ್ಕೊಂಡು ಹಾಗೇ ಕೂತಿದ್ದೆ.

ಆಮೇಲೆ ಎದ್ದು, ಬಾಗಿಲು ಹಾಕಿ, ಕೆಳಗಿಳಿದು ಓನರ್ ಆಂಟಿಗೆ ಬೀಗದ ಕೈ ವಾಪಸ್ ಕೊಟ್ಟೆ.

"ಯಾಕಮ್ಮ, ರೂಮ್ ಹಿಡಿಸಲಿಲ್ವಾ?"

"ತುಂಬಾ ಹಿಡಿಸ್ತು ಆಂಟಿ. ನಮ್ಮಕ್ಕ ಬಿಡಲ್ಲ ಅಂತಾಳೆ."

"ಪುಣ್ಯ ಮಾಡಿದೀಯ ಬಿಡು" ಅಂದರು ಅವರು. "ಈ ಕಾಲದಲ್ಲಿ ಯಾರಮ್ಮ ಹಂಗೆ ಹಿಡ್ಕೊಳ್ತಾರೆ?"

ನಾನು ಹೌದು ಆಂಟಿ ಅಂದೆ. ಹೋಗಬೇಡ ಅಂತ ಅಕ್ಕ ಒಂದು ದಿನವೂ ಅಂದಿರಲಿಲ್ಲ. ಮಿಕ್ಸಿ ಇವತ್ತಿಗೂ ಹೊಸಿಲ ಪಕ್ಕದಲ್ಲೇ ಇದೆ, ಹಗ್ಗ ಕಟ್ಟಿದ ಹಾಗೇ. ಅಟ್ಟಕ್ಕೆ ಹಾಕೋಣ ಅಂತ ಅವಳೂ ಅನ್ನಲ್ಲ, ನಾನೂ ಅನ್ನಲ್ಲ. ದಿನಾ ಬೆಳಿಗ್ಗೆ ಅದನ್ನ ದಾಟ್ಕೊಂಡು, ಬರ್ತೀನಿ ಅಕ್ಕ ಅಂತ ಹೇಳಿ ಕೆಲಸಕ್ಕೆ ಹೋಗ್ತೀನಿ.